ಸೊನ್ನೆಯಿಂದ ಶುರು ಮಾಡುವವರು

1

1987ರ ಜೂನ್ ತಿಂಗಳು. ಲಕ್ಕವಳ್ಳಿಯಿಂದ ಬೆಳಗಿನ ಬಸ್ಸು ಹಿಡಿದು, ಹತ್ತಿರದ ಪಟ್ಟಣದ ಕಾಲೇಜಿಗೆ ಪಿಯುಸಿ ಸೇರಲು ಹೋದೆ. ಜೊತೆಯಲ್ಲಿ ಅಪ್ಪ ಇದ್ದ. ಅರ್ಜಿಯಲ್ಲಿ ಭಾಷೆಗೆ ಎರಡು ಖಾನೆ. ಒಂದು ಇಂಗ್ಲಿಷಿಗೆ ಮೀಸಲು. ಇನ್ನೊಂದರಲ್ಲಿ ಕನ್ನಡ, ಸಂಸ್ಕೃತ, ಹಿಂದಿ ಇವುಗಳಲ್ಲಿ ಒಂದನ್ನು ಆರಿಸಬೇಕಿತ್ತು. ನಾನು ಕನ್ನಡ ಎಂದು ಬರೆಯುವಷ್ಟರಲ್ಲಿ ಕಿಟಕಿಯೊಳಗಿನ ಗುಮಾಸ್ತರು ಅಂದರು: 'ಸೈನ್ಸ್ ತಗೊಂಡಿದ್ದೀಯಲ್ಲ, ಸಂಸ್ಕೃತ ತಗೋ. ಮಾರ್ಕ್ಸ್ ಬರುತ್ತೆ.'

'ನಾನು ಸಂಸ್ಕೃತ ಓದಿಲ್ಲ ಸಾರ್.'

'ಓದಿರಬೇಕು ಅಂತ ರೂಲ್ಸ್ ಏನಿಲ್ಲ ಕಣಯ್ಯ. ಎಲ್ಲರೂ ಸೊನ್ನೆಯಿಂದಾನೇ ಶುರು ಮಾಡೋದು.'

ಅವರು ನನಗೆ ಕೆಟ್ಟದ್ದು ಬಯಸಿದವರಲ್ಲ. ಆ ಮಾತಿನಲ್ಲಿ ಒಂದು ದಯೆಯೂ ಇತ್ತು. ಅಪ್ಪ ನನ್ನ ಮುಖ ನೋಡಿದ. 'ಹಾಕು, ಅದ್ಯಾವ ಭಾಷೆ ನಮ್ಮನ್ನ ತಿಂದಾತು' ಅಂದ. ಹಾಕಿದೆ.

ಎರಡು ವರ್ಷದ ಮೇಲೆ ಫಲಿತಾಂಶ ಬಂದಾಗ ಸಂಸ್ಕೃತದಲ್ಲಿ 71, ಭೌತಶಾಸ್ತ್ರದಲ್ಲಿ 24. ಪಾಸಾಗಲು ಆಗ 35 ಬೇಕಿತ್ತು. ಅಂದರೆ ಹದಿನಾರನೆಯ ವಯಸ್ಸಿನವರೆಗೆ ಅಕ್ಷರಕ್ಷರವಾಗಿ ಅಪರಿಚಿತವಾಗಿದ್ದ ಭಾಷೆಯಲ್ಲಿ ನಾನು ಸಲೀಸಾಗಿ ಪಾಸಾಗಿದ್ದೆ. ಹೈಸ್ಕೂಲಿನಲ್ಲಿ ಇಷ್ಟಪಟ್ಟು ಓದಿದ್ದ, ನನಗೆ ಗೊತ್ತಿದ್ದ ವಿಷಯದಲ್ಲಿ ಫೇಲಾಗಿದ್ದೆ. ಬಹಳ ದಿನ ಇದನ್ನು ನನ್ನ ತಲೆಯ ದೋಷ ಎಂದೇ ತಿಳಿದುಕೊಂಡಿದ್ದೆ. ಆಮೇಲೆ ಸಂಜೆಗಳಲ್ಲಿ ಹಳೆಯ ವರದಿ, ಆದೇಶಗಳನ್ನು ಓದುತ್ತ ಹೋದಂತೆ, 71 ಮತ್ತು 24ರ ನಡುವೆ ಇರುವುದು ನನ್ನ ತಲೆಯಲ್ಲ, ಈ ನಾಡಿನ ಶಿಕ್ಷಣದ ಒಂದು ಚರಿತ್ರೆ ಎಂಬುದು ತಿಳಿಯಿತು.

2

ಆ ಚರಿತ್ರೆಯ ನಡುವಿನ ಅಧ್ಯಾಯ ಎಲ್ಲರಿಗೂ ಗೊತ್ತಿರುವ ಗೋಕಾಕ್ ಚಳವಳಿ. ಆದರೆ ಅದು ಶುರುವಾದದ್ದು ಎಲ್ಲಿಂದ ಎಂಬುದನ್ನು ಇವತ್ತಿನ ಹುಡುಗರು ಮರೆತಿದ್ದಾರೆ. ಅದು ಶುರುವಾದದ್ದು ಸಂಸ್ಕೃತದಿಂದ.

1970ರ ದಶಕದಲ್ಲಿ ಹೈಸ್ಕೂಲಿನ ಪ್ರಥಮ ಭಾಷೆಯ ಪಟ್ಟಿಯಲ್ಲಿ ಸಂಸ್ಕೃತವೂ ಇತ್ತು. ಏಳನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ಹುಡುಗ ಎಂಟನೆಯ ತರಗತಿಯಲ್ಲಿ ಕನ್ನಡವನ್ನು ಬಿಟ್ಟು, ಅದುವರೆಗೆ ಓದದ ಸಂಸ್ಕೃತವನ್ನು ಪ್ರಥಮ ಭಾಷೆಯಾಗಿ ತೆಗೆದುಕೊಳ್ಳಬಹುದಿತ್ತು. ಹೊಸದಾಗಿ ಕಲಿಯುವವರೆಂದು ಪಠ್ಯ ಹಗುರ. ಉತ್ತರಗಳಲ್ಲಿ ಬಹುಪಾಲನ್ನು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರೆಯಬಹುದು. ಅಂಕಗಳೋ ಧಾರಾಳ. ಇದರ ಫಲವಾಗಿ ಕನ್ನಡ ಮನೆಮಾತಿನ ಮಕ್ಕಳೇ ಕನ್ನಡ ಓದದೆ ಎಸ್ಸೆಸ್ಸೆಲ್ಸಿ ಮುಗಿಸುವ ಸ್ಥಿತಿ ಬಂತು.

1979ರ ಅಕ್ಟೋಬರಿನಲ್ಲಿ ದೇವರಾಜ ಅರಸು ಸರ್ಕಾರ ಸಂಸ್ಕೃತವನ್ನು ಪ್ರಥಮ ಭಾಷೆಯ ಪಟ್ಟಿಯಿಂದ ತೆಗೆದು ತೃತೀಯ ಭಾಷೆಯ ಸ್ಥಾನಕ್ಕೆ ಕಳಿಸುವ ಆದೇಶ ಹೊರಡಿಸಿತು. ಮಠಗಳಿಂದ, ಸಂಸ್ಕೃತದ ಪರವಾದ ಸಂಘಗಳಿಂದ ವಿರೋಧ ಎದ್ದಿತು. ಅಷ್ಟರಲ್ಲಿ ಸರ್ಕಾರವೂ ಬದಲಾಯಿತು. ಗುಂಡೂರಾವ್ ಸರ್ಕಾರ 1980ರ ಜುಲೈನಲ್ಲಿ ವಿ.ಕೃ. ಗೋಕಾಕರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿತು. 1981ರ ಜನವರಿಯಲ್ಲಿ ಬಂದ ವರದಿ ಹೈಸ್ಕೂಲಿನಲ್ಲಿ ಕನ್ನಡವೊಂದೇ ಪ್ರಥಮ ಭಾಷೆಯಾಗಬೇಕು, ಅದಕ್ಕೆ 150 ಅಂಕ ಇರಬೇಕು ಎಂದಿತು. ವರದಿ ಕಡತದಲ್ಲೇ ಉಳಿದಾಗ ಸಾಹಿತಿಗಳು ಬೀದಿಗಿಳಿದರು. 1982ರಲ್ಲಿ ರಾಜ್‌ಕುಮಾರ್ ಬಂದರು. ಊರೂರಿನ ಜನ ಬಂದರು. ಆಗ ನನಗೆ ಹನ್ನೊಂದು ವರ್ಷ. ಅಣ್ಣಾವ್ರು ಕನ್ನಡಕ್ಕೋಸ್ಕರ ಹೊರಟಿದ್ದಾರಂತೆ ಎಂದು ನಮ್ಮ ಕೇರಿಯ ಹುಡುಗರೂ ಲಾರಿ ಹತ್ತಿದ್ದು ನೆನಪಿದೆ.

ಅದೇ ವರ್ಷ ಜುಲೈನಲ್ಲಿ ಸರ್ಕಾರ ಆದೇಶ ಹೊರಡಿಸಿತು. 1989ರ ಜನವರಿಯಲ್ಲಿ ಹೈಕೋರ್ಟಿನ ಪೂರ್ಣಪೀಠ, ಎಲ್ಲರಿಗೂ ಕನ್ನಡವೊಂದನ್ನೇ ಪ್ರಥಮ ಭಾಷೆಯಾಗಿ ಕಡ್ಡಾಯ ಮಾಡುವುದು ಸಂವಿಧಾನಕ್ಕೆ ಒಪ್ಪುವುದಿಲ್ಲ ಎಂದಿತು. ಆಮೇಲೆ ಪರಿಷ್ಕರಿಸಿ ತಂದ ಆದೇಶವನ್ನು ಸುಪ್ರೀಂ ಕೋರ್ಟು 1993ರ ಡಿಸೆಂಬರಿನಲ್ಲಿ ಎತ್ತಿಹಿಡಿಯಿತು. ಇವತ್ತು ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ 125 ಅಂಕ. ಆ ಪಟ್ಟಿಯಲ್ಲಿ ಸಂಸ್ಕೃತ ಇದ್ದೇ ಇದೆ. ಪಿಯುಸಿಯಲ್ಲಿ ಸಂಸ್ಕೃತದ ಪ್ರಶ್ನೆಗಳಿಗೆ ಕನ್ನಡದಲ್ಲಿ ಉತ್ತರಿಸುವ ಅವಕಾಶವೂ ಮುಂದುವರಿದಿದೆ.

ಈ ಇಡೀ ಜಗಳವನ್ನು ನಾವು ಸಂಸ್ಕೃತ ಮತ್ತು ಕನ್ನಡದ ಜಗಳ ಎಂದು ಓದುತ್ತಾ ಬಂದಿದ್ದೇವೆ. ವೈದಿಕ ಯಜಮಾನಿಕೆಯ ವಿರುದ್ಧ ಶೂದ್ರ ಕನ್ನಡದ ಎದ್ದೇಳುವಿಕೆ ಎಂದು ಹೇಳಿದವರೂ ಇದ್ದಾರೆ. ಅದರಲ್ಲಿ ನಿಜವಿದೆ. ಆದರೆ ಪರೀಕ್ಷೆ ಬರೆದು ಬಂದವನ ಕಣ್ಣಿಗೆ ಕಾಣುವುದು ಬೇರೆಯೇ ಒಂದು ಸಂಗತಿ. ಸಂಸ್ಕೃತಕ್ಕೆ ಮಾಡಿಕೊಟ್ಟ ಆ ಏರ್ಪಾಡನ್ನು ಒಮ್ಮೆ ಬಿಡಿಸಿ ನೋಡಿ. ಮೊದಲು ಓದಿರಬೇಕಾಗಿಲ್ಲ. ಪಾಠ ಅಕ್ಷರದಿಂದ ಶುರು. ವಿವರಣೆ ಹುಡುಗರಿಗೆ ತಿಳಿಯುವ ಕನ್ನಡದಲ್ಲಿ. ಉತ್ತರವನ್ನೂ ಕನ್ನಡದಲ್ಲಿ ಬರೆಯಬಹುದು. ತಡವಾಗಿ ಬಂದ ಕಲಿಕೆಯವನಿಗೆ ಇದಕ್ಕಿಂತ ಮಾನವೀಯವಾದ ವ್ಯವಸ್ಥೆ ಇನ್ನೇನು ಬೇಕು? ಹದಿನಾರರ ಹುಡುಗನನ್ನು ಹೊಸ ಭಾಷೆಯೊಳಕ್ಕೆ ಕೈಹಿಡಿದು ಕರೆದುಕೊಂಡು ಹೋಗುವುದು ಹೇಗೆ ಎಂಬುದು ನಮ್ಮ ಶಿಕ್ಷಣ ವ್ಯವಸ್ಥೆಗೆ ಗೊತ್ತಿರಲಿಲ್ಲ ಎಂದು ಯಾರೂ ಹೇಳುವಂತಿಲ್ಲ. ಗೊತ್ತಿತ್ತು. ಆ ಜಾಣ್ಮೆಯನ್ನು ಎಲ್ಲಿ ಖರ್ಚು ಮಾಡಿತು, ಎಲ್ಲಿ ಬಿಗಿಹಿಡಿಯಿತು ಎಂಬುದಷ್ಟೇ ಪ್ರಶ್ನೆ.

3

ಇನ್ನು ಭೌತಶಾಸ್ತ್ರದ 24ಕ್ಕೆ ಬರುತ್ತೇನೆ.

ನಮ್ಮ ಕಾಲದ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದುದು ಐದನೆಯ ತರಗತಿಯಲ್ಲಿ. ಐದರಿಂದ ಹತ್ತರವರೆಗೆ ಅದು ಒಂದು ವಿಷಯ. ಪದ್ಯದ ಸಾರಾಂಶ, ರಜೆ ಚೀಟಿ, ಬಿಟ್ಟ ಸ್ಥಳ ತುಂಬುವುದು. ವಿಜ್ಞಾನ, ಗಣಿತ, ಸಮಾಜ ಎಲ್ಲ ಕನ್ನಡದಲ್ಲೇ. ಪಿಯುಸಿ ವಿಜ್ಞಾನಕ್ಕೆ ಸೇರಿದ ಮೊದಲ ದಿನವೇ ಅದು ವಿಷಯವಾಗಿ ಉಳಿಯದೆ ಎಲ್ಲ ವಿಷಯಗಳ ಭಾಷೆಯಾಗಿ ಕೂತಿತು. ನಾನು ಓದಿದ ಕಾಲೇಜಿನಲ್ಲಿ ಮೇಷ್ಟರು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು, ಪುಸ್ತಕ ಇಂಗ್ಲಿಷಿನಲ್ಲಿತ್ತು, ಬರೆಯಬೇಕಾದ್ದೂ ಇಂಗ್ಲಿಷಿನಲ್ಲಿ. ಇಲ್ಲಿ ಅಕ್ಷರದಿಂದ ಶುರು ಇಲ್ಲ. ಹಗುರ ಪಠ್ಯ ಇಲ್ಲ. ಕನ್ನಡದಲ್ಲಿ ಉತ್ತರಿಸುವ ಮಾತೇ ಇಲ್ಲ.

ಭದ್ರಾ ಅಣೆಕಟ್ಟು ನಮ್ಮೂರ ಪಕ್ಕದಲ್ಲೇ ಇದೆ. 186 ಅಡಿ ನೀರು ನಿಲ್ಲುವ ಜಲಾಶಯ. ದ್ರವದ ಆಳ ಹೆಚ್ಚಿದಂತೆ ಅದರ ಒತ್ತಡ ಹೆಚ್ಚುತ್ತದೆ, ಅದಕ್ಕೇ ಅಣೆಕಟ್ಟಿನ ಬುಡ ದಪ್ಪ, ತಲೆ ಸಣ್ಣ ಎಂಬುದನ್ನು ಹೈಸ್ಕೂಲಿನ ಮೇಷ್ಟರು ನಮ್ಮನ್ನು ಅಲ್ಲಿಗೇ ಕರೆದುಕೊಂಡು ಹೋಗಿ ತೋರಿಸಿದ್ದರು. ಹತ್ತನೆಯ ತರಗತಿಯಲ್ಲಿ ಅದನ್ನು ಚಿತ್ರ ಸಮೇತ ಬರೆದು ಪೂರ್ತಿ ಅಂಕ ಪಡೆದಿದ್ದೆ. ದ್ವಿತೀಯ ಪಿಯುಸಿಯ ಹೊತ್ತಿಗೆ ಆ ಒತ್ತಡ ನನ್ನ ಎದೆಗೆ ಬಂದಿತ್ತು. ವಿಷಯ ತಲೆಯಲ್ಲಿದೆ, ವಾಕ್ಯ ಕೈಗೆ ಬರುವುದಿಲ್ಲ. ಬಾಯಿಪಾಠ ಮಾಡಿದ ಇಂಗ್ಲಿಷ್ ವಾಕ್ಯದಲ್ಲಿ ಒಂದು ಪದ ಜಾರಿದರೆ ಇಡೀ ವಾಕ್ಯ ಬಿದ್ದುಹೋಗುತ್ತಿತ್ತು. ಸಂಸ್ಕೃತದ ಪರೀಕ್ಷೆಯಲ್ಲಿ ಕಾಳಿದಾಸನ ಬಗ್ಗೆ ನಾನು ಚಂದದ ಕನ್ನಡದಲ್ಲಿ ಬರೆದು ಬಂದೆ. ನನ್ನ ಊರಿನ ಅಣೆಕಟ್ಟಿನ ಬಗ್ಗೆ ಬರೆಯಲು ಬಾಯಿ ಕಟ್ಟಿತ್ತು.

ಇದೇ ನಾನು ಹೇಳಬೇಕೆಂದಿರುವ ಮಾತು. ಕರ್ನಾಟಕದಲ್ಲಿ ಪೂರ್ವಪರಿಚಯವಿಲ್ಲದೆ ಮೇಲಿನ ಹಂತದಲ್ಲಿ ಹೊಸ ಭಾಷೆ ಶುರು ಮಾಡಿದವರು ಎರಡು ಬಗೆಯವರು. ಒಬ್ಬರು, ಅಂಕಕ್ಕಾಗಿ ಸಂಸ್ಕೃತ ತೆಗೆದುಕೊಂಡವರು. ಇವರಿಗೆ 'ಹೊಸಬರು' ಎಂಬ ಮನ್ನಣೆ ಸಿಕ್ಕಿತು, ರಿಯಾಯಿತಿ ಸಿಕ್ಕಿತು. ಇನ್ನೊಬ್ಬರು, ಕನ್ನಡ ಶಾಲೆಯಿಂದ ಇಂಗ್ಲಿಷಿನ ವಿಜ್ಞಾನಕ್ಕೆ ಬಂದವರು. ಇವರನ್ನು ಹೊಸಬರು ಎಂದು ಯಾರೂ ಕರೆಯಲಿಲ್ಲ. ದಡ್ಡರು ಎಂದು ಕರೆದರು. ಈ ಎರಡನೆಯ ಸಾಲಿನಲ್ಲಿ ನಿಂತವರಲ್ಲಿ ಹಳ್ಳಿಯವರೆಲ್ಲ ಇದ್ದರು ನಿಜ. ಆದರೆ ಮನೆಯಲ್ಲಿ ತಿದ್ದಿ ಹೇಳುವವರು ಯಾರೂ ಇಲ್ಲದ ಕೇರಿಯ ಮಕ್ಕಳು ಸಾಲಿನ ಕೊನೆಯಲ್ಲಿದ್ದರು. ಮೀಸಲಾತಿ ನಮ್ಮನ್ನು ಬಾಗಿಲವರೆಗೆ ತಂದು ಬಿಡುತ್ತಿತ್ತು. ಒಳಗಿನ ಮಾತು ಯಾವ ಭಾಷೆಯಲ್ಲಿ ನಡೆಯುತ್ತದೆ ಎಂಬುದು ಮೀಸಲಾತಿಯ ಕೈಯಲ್ಲಿರಲಿಲ್ಲ.

4

'ಎಲ್ಲರೂ ಸೊನ್ನೆಯಿಂದಲೇ' ಎಂಬ ಮಾತು ಸಂಸ್ಕೃತದ ತರಗತಿಯಲ್ಲೂ ಪೂರ್ತಿ ನಿಜವಾಗಿರಲಿಲ್ಲ.

ಮೊದಲ ದಿನ ಮೇಷ್ಟರು 'ರಾಮಃ' ಎಂದು ಬೋರ್ಡಿನ ಮೇಲೆ ಬರೆದರು. ಅವರು ಮುಂದಿನದನ್ನು ಬರೆಯುವ ಮೊದಲೇ ಮುಂದಿನ ಎರಡು ಬೆಂಚಿನವರು 'ರಾಮೌ ರಾಮಾಃ' ಎಂದು ರಾಗವಾಗಿ ಹೇಳಿ ಮುಗಿಸಿದರು. ಅವರೂ ಶಾಲೆಯಲ್ಲಿ ಸಂಸ್ಕೃತ ಓದಿದವರಲ್ಲ. ಅಜ್ಜನ ಪೂಜೆ, ಉಪನಯನ, ಬೇಸಿಗೆ ರಜೆಯ ಮಂತ್ರಪಾಠ ಇವು ಅಂಕಪಟ್ಟಿಯಲ್ಲಿ ಬರುವುದಿಲ್ಲವಲ್ಲ! ಕಾಗದದ ಮೇಲೆ ಅವರದೂ ಸೊನ್ನೆ, ನನ್ನದೂ ಸೊನ್ನೆ. ನಮ್ಮ ಜಿಲ್ಲೆಯಲ್ಲೇ ಶೃಂಗೇರಿ ಇದೆ. ಪಕ್ಕದ ಶಿವಮೊಗ್ಗೆಯ ಮತ್ತೂರು 1980ರ ದಶಕದ ಮೊದಲಲ್ಲಿ, ಗೋಕಾಕ್ ಚಳವಳಿ ಕಾವೇರಿದ್ದ ಕಾಲದಲ್ಲೇ, ಸಂಸ್ಕೃತ ಮಾತಾಡುವ ಊರು ಎಂದು ಹೆಸರಾಯಿತು. ತುಂಗೆ, ಭದ್ರೆ ಎರಡೂ ಗಂಗಾಮೂಲದಲ್ಲಿ ಹುಟ್ಟಿ ಕೂಡ್ಲಿಯಲ್ಲಿ ಕೂಡುತ್ತವೆ. ಆದರೆ ಒಂದರ ದಡದಲ್ಲಿ ಕಿವಿಗೆ ಬಿದ್ದದ್ದು ಇನ್ನೊಂದರ ದಡದ ಕೇರಿಗೆ ಬೀಳಲಿಲ್ಲ.

ನನ್ನ ಸರದಿ ಬಂದಾಗ ನಾಲಿಗೆ ಹೊರಳಲಿಲ್ಲ. ಮಹಾಪ್ರಾಣ ನಮ್ಮ ಬಾಯಲ್ಲಿ ನಿಲ್ಲುವುದಿಲ್ಲ. 'ಧನ' ಎನ್ನಬೇಕಾದಲ್ಲಿ 'ದನ' ಎಂದೆ. ತರಗತಿಯೆಲ್ಲ ನಕ್ಕಿತು. ರಾತ್ರಿ ಅವ್ವನಿಗೆ ಹೇಳಿದೆ. ಅವಳಿಗೆ ನಗು ಯಾಕೆಂದೇ ತಿಳಿಯಲಿಲ್ಲ. 'ದನ ಇದ್ರೆ ತಾನೆ ಮನೇಲಿ ಕಾಸು? ಎರಡೂ ಒಂದೇ ಅಲ್ವೇನೋ' ಅಂದಳು. ನಮ್ಮ ಮನೆಯಲ್ಲಿ ಎರಡೂ ಇರಲಿಲ್ಲ ಎಂಬುದು ಬೇರೆ ಮಾತು.

ಹಾಗಾದರೆ ನಾವು ಭಾಷೆ ಬಾರದ ಜನವೇ? ಇಲ್ಲಿ ಅಪ್ಪನ ವಿಷಯ ಹೇಳಬೇಕು. ಭದ್ರಾ ಅಣೆಕಟ್ಟಿನ ಕೆಲಸ 1947ರಲ್ಲಿ ಶುರುವಾಗಿ 1960ರ ದಶಕದ ನಡುವಿನವರೆಗೆ ನಡೆಯಿತು. ಅಪ್ಪ ಹುಡುಗನಾಗಿದ್ದಾಗಲೇ ಅಲ್ಲಿ ಕಲ್ಲು ಹೊರಲು ಹೋದವನು. ಕ್ಯಾಂಪಿನಲ್ಲಿ ತಮಿಳು ಮಾತಿನ ಕೂಲಿಗಳಿದ್ದರು, ತೆಲುಗಿನವರಿದ್ದರು. ಹೆಬ್ಬೆಟ್ಟು ಒತ್ತುತ್ತಿದ್ದ ಅಪ್ಪ ಆರೇ ತಿಂಗಳಲ್ಲಿ ತಮಿಳು ಕಲಿತ, ವರ್ಷದೊಳಗೆ ತೆಲುಗು. ತಮಿಳಿನಲ್ಲಿ ಕಲ್ಲು ಎಣಿಸುತ್ತಿದ್ದ, ತೆಲುಗಿನಲ್ಲಿ ಮೇಸ್ತ್ರಿಯ ಹತ್ತಿರ ಕೂಲಿಗೆ ಜಗಳವಾಡುತ್ತಿದ್ದ. ಸಾಯುವವರೆಗೂ ಅವನ ಬೈಗುಳ ಮೂರು ಭಾಷೆಯಲ್ಲಿತ್ತು. ಪಠ್ಯ ಇಲ್ಲ, ಮೇಷ್ಟರಿಲ್ಲ, ಪೂರ್ವಪರಿಚಯ ಇಲ್ಲ. ಆದರೆ ಅವನು ತಪ್ಪು ತಮಿಳು ಮಾತಾಡಿದಾಗ ನಗದೆ ಉತ್ತರ ಕೊಡುವ ಜನ ಇದ್ದರು. ಅವನ ಜೊತೆ ಒಂದೇ ಕಲ್ಲಿನ ಇನ್ನೊಂದು ತುದಿ ಹಿಡಿದವರು ಅವರು.

ಒಂದು ಭಾಷೆಯನ್ನು ತಡವಾಗಿ ಕಲಿಯಲು ಏನು ಬೇಕು ಎಂಬ ಪ್ರಶ್ನೆಗೆ ನನಗೆ ಸಿಕ್ಕಿರುವ ಉತ್ತರ ಇಷ್ಟೇ: ಆ ಭಾಷೆಯವರ ಜೊತೆ ಸಮನಾಗಿ ನಿಲ್ಲುವ ಜಾಗ ಬೇಕು. ಕ್ಯಾಂಪಿನಲ್ಲಿ ಅಪ್ಪನಿಗೆ ಅದು ಸಿಕ್ಕಿತು. ಕಾಲೇಜಿನಲ್ಲಿ ನನಗೆ ಸಿಗಲಿಲ್ಲ. ಅಪ್ಪನ ಮೂರು ಭಾಷೆಗೆ ಯಾವ ಅಂಕಪಟ್ಟಿಯಲ್ಲೂ ಖಾನೆ ಇರಲಿಲ್ಲ. ಕಲಿತದ್ದಕ್ಕೆ ಖಾನೆ ಇಲ್ಲದವನನ್ನು ಸೊನ್ನೆ ಎಂದು ಕರೆಯುವುದು ಸುಲಭ.

5

ದಲಿತ ಚಳವಳಿ ಹುಟ್ಟಿದ್ದೇ ಒಂದು ಭಾಷೆಯ ಜಗಳದಿಂದ ಎಂಬುದನ್ನು ಈ ಸಂದರ್ಭದಲ್ಲಿ ನೆನೆಯಬೇಕು. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು, ಕನ್ನಡದಲ್ಲಿ ಬೂಸಾ ಸಾಹಿತ್ಯ ಬಹಳ, ಇಂಗ್ಲಿಷ್ ಕಲಿಯಿರಿ ಎಂಬರ್ಥದ ಮಾತಾಡಿದರು. ರಾಜ್ಯವೇ ಹೊತ್ತಿಕೊಂಡಿತು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಬಸವಲಿಂಗಪ್ಪನವರು ರಾಜೀನಾಮೆ ಕೊಡಬೇಕಾಯಿತು. ಕನ್ನಡದ ಮೇಲಿನ ಅಭಿಮಾನ ದಲಿತ ಹುಡುಗರ ಬೆನ್ನಿನ ಮೇಲೆ ಬಿದ್ದ ಆ ದಿನಗಳಿಂದಲೇ, ನಮ್ಮೂರಿಂದ ಬಸ್ಸಿನ ದಾರಿಯಷ್ಟೇ ದೂರದ ಭದ್ರಾವತಿಯಲ್ಲಿ ದಲಿತ ಸಂಘರ್ಷ ಸಮಿತಿ ರೂಪುಗೊಂಡಿತು. ಅದನ್ನು ಕಟ್ಟಿದ ಪ್ರೊ. ಬಿ. ಕೃಷ್ಣಪ್ಪನವರು ಅಲ್ಲಿನ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದುದು ಕನ್ನಡವನ್ನು. ಈ ಸಂಗತಿ ನನಗೆ ಯಾವಾಗಲೂ ದೊಡ್ಡದಾಗಿ ಕಾಣುತ್ತದೆ. ಬೂಸಾ ಎಂದವರ ಪರ ನಿಂತವರು ಕನ್ನಡ ಬಿಟ್ಟು ಹೋಗಲಿಲ್ಲ. ಕನ್ನಡದೊಳಗೇ ನಿಂತು ಅದನ್ನು ಪ್ರಶ್ನಿಸಿದರು.

ಅಂದಿನಿಂದ ಇಂದಿನವರೆಗೆ ನಮ್ಮೊಳಗೆ ಎರಡು ದನಿಗಳಿವೆ. ಒಂದು ದನಿ, ಇಂಗ್ಲಿಷ್ ನಮ್ಮ ಬಿಡುಗಡೆಯ ಭಾಷೆ, ಅದನ್ನು ಒಂದನೇ ತರಗತಿಯಿಂದಲೇ ಕೊಡಿ ಎನ್ನುತ್ತದೆ. 2010ರಲ್ಲಿ ಉತ್ತರ ಪ್ರದೇಶದ ಬಂಕಾ ಎಂಬ ಹಳ್ಳಿಯಲ್ಲಿ ದಲಿತರು ಇಂಗ್ಲಿಷ್ ದೇವಿಗೆ ಗುಡಿ ಕಟ್ಟಲು ಹೊರಟದ್ದು ಈ ಹಸಿವಿನಿಂದಲೇ. ಇನ್ನೊಂದು ದನಿ, ತಾಯ್ನುಡಿಯಲ್ಲಿ ಕಲಿಯದ ಮಗು ಎರಡೂ ಕಡೆ ಸಲ್ಲದಂತಾಗುತ್ತದೆ ಎನ್ನುತ್ತದೆ. ಅದೇ 2010ರಲ್ಲಿ ದೇವನೂರ ಮಹಾದೇವ ನೃಪತುಂಗ ಪ್ರಶಸ್ತಿಯನ್ನು ನಿರಾಕರಿಸಿದ್ದು, ಕನ್ನಡ ಇನ್ನೂ ಪ್ರಾಥಮಿಕ ಶಿಕ್ಷಣದ ಮಾಧ್ಯಮವಾಗಿಲ್ಲ ಎಂಬ ಕಾರಣಕ್ಕೆ. ಸರ್ಕಾರ 2007ರಿಂದ ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸಲು ಶುರು ಮಾಡಿತು. 2019ರಲ್ಲಿ ಸರ್ಕಾರಿ ಶಾಲೆಗಳಲ್ಲೇ ಇಂಗ್ಲಿಷ್ ಮಾಧ್ಯಮದ ತರಗತಿಗಳನ್ನು ತೆರೆಯಿತು. ನಡುವೆ 2014ರಲ್ಲಿ, ಮಾತೃಭಾಷೆಯ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಪು ಕೊಟ್ಟಿತು.

ಎರಡೂ ದನಿಗಳ ನೋವು ನನಗೆ ಗೊತ್ತು. ಆದರೆ ಇಬ್ಬರೂ ವಾದ ಮಾಡುತ್ತಿರುವುದು ಮಗು ಯಾವ ವಯಸ್ಸಿನಲ್ಲಿ ಶುರು ಮಾಡಬೇಕು ಎಂಬುದರ ಬಗ್ಗೆ. ತಡವಾಗಿ ಬಂದವನನ್ನು ಏನು ಮಾಡಬೇಕು ಎಂಬ ಪ್ರಶ್ನೆ ಇಬ್ಬರ ನಡುವೆ ಬಿದ್ದುಹೋಗಿದೆ. ದಲಿತರ ಚರಿತ್ರೆ ಎಂದರೆ ತಡವಾಗಿ ಬಂದವರ ಚರಿತ್ರೆಯೇ. ಶಾಲೆಗೆ ತಡವಾಗಿ ಬಂದೆವು, ಕಚೇರಿಗೆ ತಡವಾಗಿ ಬಂದೆವು, ಸಾಹಿತ್ಯಕ್ಕೂ ತಡವಾಗಿಯೇ ಬಂದೆವು. ಬಾಗಿಲು ಹಾಕಿದ್ದವರು ಬೇರೆ, ತಡವಾಯಿತೆಂದು ಬೈಸಿಕೊಂಡವರು ನಾವು.

6

ಈ ಸಂಚಿಕೆ ದಲಿತ ವಿಮರ್ಶೆಯದು. ಒಬ್ಬ ಫೇಲಾದ ಹುಡುಗನ ಕತೆಗೂ ವಿಮರ್ಶೆಗೂ ಏನು ಸಂಬಂಧ ಎಂದು ಕೇಳಬಹುದು.

ವಿಜ್ಞಾನ ಬಿಟ್ಟು ನಾನು ಕಲಾ ವಿಭಾಗಕ್ಕೆ ಬಂದೆ, ಮುಂದೆ ಕನ್ನಡ ಎಂ.ಎ. ಓದಿದೆ. ಅಲ್ಲಿ ಇನ್ನೊಂದು ಗೋಡೆ ಎದುರಾಯಿತು. ರಸ, ಧ್ವನಿ, ಔಚಿತ್ಯ. ಸಂಸ್ಕೃತ ಚೆನ್ನಾಗಿ ಬಾರದವನು ಕಾವ್ಯದ ಬೆಲೆ ಕಟ್ಟುವುದು ಹೇಗೆ ಎಂಬ ಮಾತು ತರಗತಿಯಲ್ಲೂ ಕಾರಿಡಾರಿನಲ್ಲೂ ಕೇಳಿಬರುತ್ತಿತ್ತು. ದಲಿತ ಲೇಖಕರ ಬಗ್ಗೆ 'ಪೂರ್ವಸಿದ್ಧತೆ ಸಾಲದು' ಎಂಬ ಮಾತು. ನನ್ನ 71 ಅಂಕ ಅಲ್ಲಿ ಕೆಲಸಕ್ಕೆ ಬರಲಿಲ್ಲ. ಅಂಕ ಬಂದಿತ್ತೇ ಹೊರತು ಭಾಷೆ ಬಂದಿರಲಿಲ್ಲ. ಆ ಏರ್ಪಾಡು ಸಂಸ್ಕೃತಕ್ಕೂ ಉಪಕಾರ ಮಾಡಲಿಲ್ಲ ಎಂಬುದನ್ನು ಸಂಸ್ಕೃತವನ್ನು ಪ್ರೀತಿಸುವವರು ಇನ್ನಾದರೂ ಒಪ್ಪಬೇಕು.

ಆಗ ನನಗೆ ದಾರಿ ತೋರಿಸಿದ್ದು ಅಂಬೇಡ್ಕರ್. ಬೊಂಬಾಯಿಯ ಎಲ್ಫಿನ್‌ಸ್ಟನ್ ಹೈಸ್ಕೂಲಿನಲ್ಲಿ ಓದುವಾಗ ಅವರು ಸಂಸ್ಕೃತ ಕಲಿಯಬೇಕೆಂದಿದ್ದರು. ಅಸ್ಪೃಶ್ಯನಿಗೆ ಸಂಸ್ಕೃತ ಸಿಗಲಿಲ್ಲ. ಅವರು ಪರ್ಶಿಯನ್ ತೆಗೆದುಕೊಂಡು 1907ರಲ್ಲಿ ಮೆಟ್ರಿಕ್ ಮುಗಿಸಿದರು. ನನಗೆ ಸಂಸ್ಕೃತ ತೆಗೆದುಕೋ ಎಂದು ಕಿಟಕಿಯಿಂದ ಹೇಳಿದ ಗುಮಾಸ್ತರಿಗೂ ಅಂಬೇಡ್ಕರರಿಗೆ ಬೇಡವೆಂದ ಕಾಲಕ್ಕೂ ನಡುವೆ ಎಂಬತ್ತು ವರ್ಷ. ಆ ಎಂಬತ್ತು ವರ್ಷದಲ್ಲಿ ಏನೂ ಬದಲಾಗಲಿಲ್ಲ ಎಂದು ನಾನು ಹೇಳುವುದಿಲ್ಲ. ಆ ಬಾಗಿಲು ತೆರೆಯಲು ಹೆಣಗಿದವರಿಗೆ ಹಾಗೆ ಹೇಳುವುದು ದ್ರೋಹ.

1946ರಲ್ಲಿ 'ಶೂದ್ರರು ಯಾರು' ಎಂಬ ಗ್ರಂಥ ಪ್ರಕಟಿಸುವಾಗ, ಸಂಸ್ಕೃತದ ಪಾಂಡಿತ್ಯವಿಲ್ಲದೆ ಈ ವಿಷಯಕ್ಕೆ ಕೈಹಾಕಿದ್ದೇಕೆ ಎಂಬ ಆಕ್ಷೇಪ ಬರುತ್ತದೆಂದು ಅಂಬೇಡ್ಕರರಿಗೆ ಗೊತ್ತಿತ್ತು. ಮುನ್ನುಡಿಯಲ್ಲಿ ಅವರು ಅದಕ್ಕೆ ನೇರವಾಗಿ ಉತ್ತರ ಕೊಟ್ಟರು. ತಾನು ಸಂಸ್ಕೃತದ ಪಂಡಿತನಲ್ಲ ಎಂದು ಒಪ್ಪಿಕೊಂಡರು. ಆದರೆ ಆ ಸಾಹಿತ್ಯದ ಬಹುಭಾಗ ಇಂಗ್ಲಿಷಿನಲ್ಲಿ ದೊರೆಯುವಾಗ ಅದು ತನ್ನನ್ನು ಅನರ್ಹಗೊಳಿಸುವುದಿಲ್ಲ, ಅನುವಾದಗಳನ್ನು ವರ್ಷಗಟ್ಟಲೆ ಓದಿದ ಸಾಮಾನ್ಯ ಬುದ್ಧಿಯವನಿಗೂ ಈ ಕೆಲಸ ಸಾಧ್ಯ ಎಂದರು. ದಲಿತ ವಿಮರ್ಶೆಯ ಮೊದಲ ಪಾಠ ಇದು ಎಂದು ನಾನು ತಿಳಿದಿದ್ದೇನೆ. ತಡವಾಗಿ ಬಂದವನು ತನ್ನ ತಡವನ್ನು ಮುಚ್ಚಿಡಬೇಕಾಗಿಲ್ಲ. ಭಕ್ತಿಯಿಂದ ಬಾಯಿಪಾಠ ಮಾಡಿದವನಿಗೆ ಕಾಣದ ಪ್ರಶ್ನೆ ಹೊರಗಿನಿಂದ ಅರ್ಥ ಹುಡುಕುತ್ತ ಬಂದವನಿಗೆ ಕಾಣುತ್ತದೆ. ಹಾಗೆಂದು ಅವರು ಆ ಭಾಷೆಯನ್ನು ದ್ವೇಷಿಸಲಿಲ್ಲ. ಸ್ವಪ್ರಯತ್ನದಿಂದ ಸಂಸ್ಕೃತವನ್ನು ಅಭ್ಯಾಸ ಮಾಡಿದರು. 1949ರ ಸೆಪ್ಟೆಂಬರಿನಲ್ಲಿ ಸಂಸ್ಕೃತ ಕೇಂದ್ರದ ಅಧಿಕೃತ ಭಾಷೆಯಾಗಲಿ ಎಂಬ ತಿದ್ದುಪಡಿಯ ಪರವಾಗಿಯೂ ನಿಂತರು. ಬದುಕಿನ ಕೊನೆಯ ವರ್ಷಗಳಲ್ಲಿ, ದೇಹ ಸೋತಿದ್ದಾಗ, ಪಾಲಿ ಭಾಷೆಗೆ ವ್ಯಾಕರಣ ಮತ್ತು ನಿಘಂಟು ಮಾಡಲು ಕುಳಿತರು. ಸೊನ್ನೆಯಿಂದ ಶುರು ಮಾಡುವುದು ಎಂದರೆ ಅದು.

ನಾವೂ ಹಾಗೆಯೇ ಬಂದವರು. ಆನಂದವರ್ಧನ, ಅಭಿನವಗುಪ್ತರು ನನಗೆ ದಕ್ಕಿದ್ದು ತೀ.ನಂ. ಶ್ರೀಕಂಠಯ್ಯನವರ 'ಭಾರತೀಯ ಕಾವ್ಯಮೀಮಾಂಸೆ'ಯ ಕನ್ನಡದಿಂದ. ಅದರ ಋಣ ನನ್ನ ಮೇಲಿದೆ. ಸಂಸ್ಕೃತದ ಶಾಸ್ತ್ರವನ್ನು ಕನ್ನಡದಲ್ಲಿ ಹೇಳಬಹುದಾದರೆ ಭೌತಶಾಸ್ತ್ರವನ್ನು ಏಕೆ ಹೇಳಬಾರದು ಎಂಬ ಪ್ರಶ್ನೆಯೂ ಅಲ್ಲಿಂದಲೇ ಏಳುತ್ತದೆ. ಕುವೆಂಪು ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದಾಗ, 1956ರಿಂದ 1960ರ ನಡುವೆ, ಕನ್ನಡ ಮಾಧ್ಯಮದ ದಾರಿಯನ್ನು ತೆರೆದದ್ದು ಈ ನಂಬಿಕೆಯಿಂದಲೇ. ಲಕ್ಕವಳ್ಳಿಗೆ ಹತ್ತಿರದ ಶಂಕರಘಟ್ಟದಲ್ಲಿ ಅವರ ಹೆಸರಿನ ವಿಶ್ವವಿದ್ಯಾನಿಲಯ ಶುರುವಾದದ್ದು ನಾನು ಪಿಯುಸಿಗೆ ಸೇರಿದ 1987ರಲ್ಲೇ.

ಇನ್ನೊಂದು ಮಾತು. 1984ರಲ್ಲಿ 'ಕುಸುಮಬಾಲೆ' ಬಂದಾಗ, ಅರ್ಥವಾಗುವುದಿಲ್ಲ, ಇದು ಯಾವ ಕನ್ನಡ ಎಂದು ದೂರಿದವರಲ್ಲಿ ಪಂಡಿತರೂ ಇದ್ದರು. ನಂಜನಗೂಡು ಸೀಮೆಯ ಕೇರಿಯ ಮಾತು ಅವರಿಗೆ ಹೊಸ ಭಾಷೆಯಾಗಿತ್ತು. ಜೀವಮಾನವೆಲ್ಲ ಕನ್ನಡ ಓದಿದವರು ಆ ನೂರು ಚಿಲ್ಲರೆ ಪುಟದ ಮುಂದೆ ಹೊಸಬರಾಗಿ ಕುಳಿತರು. ಮನಸ್ಸಿದ್ದವರು ಕಲಿತರು. ಪುಸ್ತಕಕ್ಕೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪೂರ್ವಸಿದ್ಧತೆ ಯಾರಿಗೆ ಸಾಲದು ಎಂಬುದು ಯಾವ ಪುಸ್ತಕ ಮುಂದಿದೆ ಎಂಬುದರ ಮೇಲೆ ನಿಂತಿದೆ.

7

ಕೊನೆಯದಾಗಿ, ಇದರಿಂದ ನಾವು ಏನು ಕೇಳಬೇಕು?

ಸಂಸ್ಕೃತವನ್ನು ಮುಚ್ಚಿ ಎಂದು ಕೇಳುವುದರಲ್ಲಿ ನನಗೆ ಉತ್ಸಾಹವಿಲ್ಲ. ಮುಚ್ಚಿದ ಬಾಗಿಲ ಹೊರಗೆ ಶತಮಾನ ನಿಂತವರು ಇನ್ನೊಂದು ಬಾಗಿಲನ್ನು ಮುಚ್ಚಿ ಎನ್ನಬಾರದು. ಸಂಸ್ಕೃತಕ್ಕೆ ಕೊಟ್ಟದ್ದನ್ನೇ ನಮಗೂ ಕೊಡಿ ಎಂದು ಕೇಳಬೇಕು. ಕನ್ನಡ ಶಾಲೆಯಿಂದ ಬಂದ ಮಕ್ಕಳನ್ನು ಪಿಯುಸಿಯಲ್ಲಿ ಇಂಗ್ಲಿಷಿಗೆ ಹೊಸಬರು ಎಂದು ಒಪ್ಪಿಕೊಳ್ಳಿ. ಅವರಿಗೆ ಅಕ್ಷರದಿಂದ, ವಾಕ್ಯದಿಂದ ಶುರು ಮಾಡಿ. ವಿಜ್ಞಾನದ ಪಾಠವನ್ನು ಕನ್ನಡದಲ್ಲಿ ವಿವರಿಸಿ. ಉತ್ತರವನ್ನು ಕನ್ನಡದಲ್ಲಿ ಬರೆಯಲಿ, ಪಾರಿಭಾಷಿಕ ಪದ ಇಂಗ್ಲಿಷಿನದೇ ಇರಲಿ, ಅಡ್ಡಿಯಿಲ್ಲ. ಬರಿಯ ಅನುಮತಿಯ ಕಾಗದ ಸಾಲದು. 2017ರಿಂದ ನೀಟ್ ಪರೀಕ್ಷೆಯ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಬರುತ್ತಿದೆ. ಎರಡು ವರ್ಷ ಇಂಗ್ಲಿಷಿನಲ್ಲೇ ಪಾಠ ಕೇಳಿದ ಹುಡುಗಿ ಕೊನೆಯ ದಿನ ಆ ಕನ್ನಡ ಪತ್ರಿಕೆಯನ್ನು ಬಿಡಿಸಿದರೆ, ಅಲ್ಲಿನ ಕನ್ನಡವೂ ಅವಳಿಗೆ ಹೊಸ ಭಾಷೆಯೇ. ಪಾಠ, ಪುಸ್ತಕ, ಪರೀಕ್ಷೆ ಮೂರೂ ಒಟ್ಟಿಗೆ ಬಂದರೆ ಮಾತ್ರ ಕೆಲಸವಾಗುತ್ತದೆ. ಸಂಸ್ಕೃತದ ತರಗತಿಯಲ್ಲಿ ಮೂರೂ ಒಟ್ಟಿಗೆ ಇದ್ದವು. ನಾನೇ ಸಾಕ್ಷಿ.

ಅಪ್ಪನಿಗೆ ಫಲಿತಾಂಶ ಹೇಳಿದ ಸಂಜೆ ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ: 'ಅಲ್ಲಪ್ಪ, ಗೊತ್ತಿಲ್ಲದ್ದರಲ್ಲಿ ಪಾಸು, ಗೊತ್ತಿರೋದರಲ್ಲಿ ಫೇಲು. ಇದ್ಯಾವ ಲೆಕ್ಕ?'

ಆಗ ನನ್ನ ಹತ್ತಿರ ಉತ್ತರವಿರಲಿಲ್ಲ. ಈಗ ಅಪ್ಪ ಇಲ್ಲ. ಲೆಕ್ಕ ಕೇಳಬೇಕಾದ್ದು ಯಾರನ್ನು ಎಂಬುದು ಮಾತ್ರ ತಿಳಿದಿದೆ. ಅದನ್ನು ಕೇಳುವುದೂ ವಿಮರ್ಶೆಯ ಕೆಲಸವೇ.